ಬೇಸಲ್ಲಿ ಅರ್ಥ ಇಲ್ಲ

ಫೆಬ್ರುವರಿ 4, ಮಂಗಳವಾರ

ಇವತ್ತು ಎಷ್ಟು ಸಲ ‘ಸಾರಿ’ ಅಂದೆನೋ ಲೆಕ್ಕವಿಲ್ಲ. ಸದ್ದು ಮಾಡಿದ್ದು ಬೇಸ್ ಗಿಟಾರು, ಕ್ಷಮೆ ಕೇಳಿದ್ದು ನಾನು. ಅದು ಒಂದು ಸಲವೂ ಕೇಳಲಿಲ್ಲ.

ಎಂದಿನಂತೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮಹಡಿಯಲ್ಲಿ ಅಭ್ಯಾಸ. ಡಾಕ್ಟರು ಡ್ರಮ್ಸ್. ದಿನವಿಡೀ ಜನರ ಬಾಯಿಗೆ ಬಡಿದದ್ದು ಸಾಲದೆಂದು ಸಂಜೆ ಚರ್ಮಕ್ಕೆ ಬಡಿಯುತ್ತಾರೆ. ನನ್ನ ಮೈದುನ ಲೀಡ್ ಗಿಟಾರು, ಜೊತೆಗೆ ತಂಡದ ಯಜಮಾನಿಕೆ. ಎರಡನೆಯದಕ್ಕೆ ಅವನನ್ನು ಯಾರೂ ನೇಮಿಸಿದ ನೆನಪಿಲ್ಲ. ಹಾಡುವವರು ಬ್ಯಾಂಕಿನ ಕ್ಯಾಷಿಯರಮ್ಮ. ನಾನು ಡ್ರಮ್ಸಿನ ಹಿಂದೆ, ಲೈಟಿನ ಸ್ವಿಚ್ ಬೋರ್ಡಿನ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುವವಳು. ಮೊದಲ ದಿನವೇ ಮೈದುನ ತೋರಿಸಿದ ಜಾಗ. “ಬೇಸ್ ಅಂದ್ರೆ ಅಡಿಪಾಯ ಅತ್ತಿಗೆ. ಅಡಿಪಾಯ ಕಾಣಬಾರದು” ಅಂದಿದ್ದ. ಆಗ ಅದು ಹೊಗಳಿಕೆ ಅಂದುಕೊಂಡಿದ್ದೆ.

ಕ್ಯಾಷಿಯರಮ್ಮ ತಾವೇ ಕಟ್ಟಿದ ಹೊಸ ಹಾಡು ತುಂಬಾ ನಿಧಾನದ್ದು. ಪಲ್ಲವಿ ಮುಗಿದ ಮೇಲೆ ಎಂಟು ಮಾತ್ರೆ ಎಲ್ಲರೂ ಸುಮ್ಮನಿರಬೇಕು. ಆಮೇಲೆ ಬೇಸ್ ಒಂದೇ ಒಳಗೆ ಬರಬೇಕು, ಅದರ ಬೆನ್ನಿಗೆ ಅವರ ಚರಣ. ಎಲ್ಲರೂ ಸುಮ್ಮನಾದರು. ನಾನೂ ಕೈ ಎತ್ತಿದೆ. ನನ್ನ ಆಂಪ್ಲಿಫೈಯರು ಮಾತ್ರ ಜುಂಯ್ ಅನ್ನುತ್ತಲೇ ಇತ್ತು.

“ಆ ಗ್ಯಾಪಲ್ಲಿ ನಂಗೆ ಉಸಿರು ಬೇಕಮ್ಮ, ಜೇನುಗೂಡು ಬೇಡ” ಅಂದರು ಕ್ಯಾಷಿಯರಮ್ಮ.

“ನನ್ನ ಡ್ರಿಲ್ಲೇ ಇದಕ್ಕಿಂತ ಮೆತ್ತಗಿದೆ” ಅಂದರು ಡಾಕ್ಟರು. “ಕೆಳಗಡೆ ಪೇಷಂಟು ಕಾಯ್ತಿದ್ರೆ ಎದ್ದು ಓಡ್ತಾರೆ.”

ವಾಲ್ಯೂಮ್ ಪೂರ್ತಿ ಇಳಿಸಿ, ಎಂಟು ಮಾತ್ರೆ ಆದಮೇಲೆ ಏರಿಸಿ ನೋಡಿದೆ. ನನ್ನ ಸ್ವರ ನೀರಲ್ಲಿ ಮುಳುಗಿದವನು ಕೆಮ್ಮುತ್ತ ಮೇಲೆ ಬಂದ ಹಾಗೆ ಬಂತು. ಮತ್ತೆ ಸಾರಿ.

ಹೊರಡುವಾಗ ಮೈದುನ ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ: “ಇಪ್ಪತ್ತಮೂರಕ್ಕೆ ಸಭಾಂಗಣದಲ್ಲಿ ಪ್ರೋಗ್ರಾಂ. ಅಷ್ಟರೊಳಗೆ ಈ ಸೌಂಡ್ ಹೋಗ್ಲಿಲ್ಲ ಅಂದ್ರೆ ಡಾಕ್ಟರ ಷಡ್ಡಕರನ್ನ ಕೇಳ್ತೀನಿ. ಅವರ ಬೇಸು ಸೈಲೆಂಟಂತೆ. ಬೇಜಾರ್ ಮಾಡ್ಕೋಬೇಡಿ.”

ಷಡ್ಡಕರು ಅಂದರೆ ಡಾಕ್ಟರ ಹೆಂಡತಿಯ ತಂಗಿಯ ಗಂಡ. ಒಂದೇ ಮಾವನಿಗೆ ಸಿಕ್ಕಿಬಿದ್ದ ಇನ್ನೊಬ್ಬರು. ವಾರದಲ್ಲಿ ನನ್ನದು ಅನ್ನಿಸುವ ಸಂಜೆಗಳು ಎರಡು, ಮಂಗಳವಾರ ಮತ್ತು ಶನಿವಾರ. ಅವನ್ನು ಷಡ್ಡಕರಿಗೆ ಕೊಟ್ಟು, ಮೇಲೆ ಬೇಜಾರನ್ನೂ ಮಾಡಿಕೊಳ್ಳಬಾರದಂತೆ.

ಫೆಬ್ರುವರಿ 6, ಗುರುವಾರ

ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ನನ್ನದು. ಹೊಸದಾಗಿ ಬಂದವರಿಗೆಲ್ಲ ಹೇಳುವ ಮಾತು ಒಂದೇ: ಒಂದು ಓದಿಗೆ ಒಂದೇ ಬಗೆಯ ತಪ್ಪು ಹುಡುಕಿ. ಒತ್ತಕ್ಷರ ನೋಡುವಾಗ ಅಲ್ಪವಿರಾಮ ನೋಡಬೇಡಿ. ಎಲ್ಲವನ್ನೂ ಒಟ್ಟಿಗೆ ಹುಡುಕುವವರಿಗೆ ಯಾವುದೂ ಸಿಗುವುದಿಲ್ಲ.

ಇವತ್ತು ಮನೆಯಲ್ಲಿ ಬೇಸನ್ನೂ ಹಾಗೇ ಓದಿದೆ.

ಮೊದಲು ಹೆಸರು. ತಂಡದ ಗಂಡಸರೆಲ್ಲ ಅದನ್ನು ಬರೀ ‘ಸೌಂಡು’ ಅನ್ನುತ್ತಾರೆ. ಸೌಂಡಿನಲ್ಲಿ ಜಾತಿ ಎರಡು. ಗುಂಯ್ ಅಂದರೆ ಟ್ರಾನ್ಸ್‌ಫಾರ್ಮರಿನ ಪಕ್ಕ ನಿಂತಂತೆ, ದುಂಡಗೆ, ಕೆಳಗೆ. ಜುಂಯ್ ಅಂದರೆ ಕೆಟ್ಟ ಟ್ಯೂಬ್‌ಲೈಟಿನ ಕೆಳಗೆ ಕೂತಂತೆ, ಅಂಚಂಚಾಗಿ. ನನ್ನದು ಜುಂಯ್.

ಬೇಸಿನ ವೈರು ಕಿತ್ತೆ, ಆಂಪ್ಲಿಫೈಯರು ಗಪ್‌ಚಿಪ್. ಅದು ನಿರಪರಾಧಿ. ಬೇರೆ ವೈರು ಹಾಕಿದೆ, ಅದೇ ಜುಂಯ್. ವೈರೂ ನಿರಪರಾಧಿ. ಫ್ರಿಜ್ಜು, ಟ್ಯೂಬ್‌ಲೈಟು ಆರಿಸಿದೆ, ಕಡಿಮೆಯಾಯಿತು, ಹೋಗಲಿಲ್ಲ. ಬೇಸಿನ ವಾಲ್ಯೂಮ್ ಸೊನ್ನೆ ಮಾಡಿದೆ, ಹೋಯಿತು. ಅಂದರೆ ಸದ್ದು ಹುಟ್ಟುವುದು ಅದರ ಹೊಟ್ಟೆಯಲ್ಲೇ.

ಆಮೇಲೆ ವಿಚಿತ್ರ. ತಂತಿ ಮುಟ್ಟಿದರೆ ಏನೂ ವ್ಯತ್ಯಾಸವಿಲ್ಲ. ವೈರು ಸಿಕ್ಕಿಸುವ ತೂತಿನ ಸುತ್ತ ಒಂದು ಲೋಹದ ಪ್ಲೇಟಿದೆ. ಅದನ್ನು ಮುಟ್ಟಿದರೆ ತಕ್ಷಣ ಮೌನ. ಬೆರಳು ತೆಗೆದರೆ ಮತ್ತೆ ಜುಂಯ್. ಪ್ಲೇಟಿಗೂ ತಂತಿಗೂ ಒಂದೇ ಮನೆಯಲ್ಲಿದ್ದು ಮಾತುಕತೆ ಇಲ್ಲದವರ ಸಂಬಂಧ.

ನಮ್ಮವರನ್ನು ಕರೆದು ತೋರಿಸಿದೆ. ಪೇಪರು ಮಡಚದೆ ಹೇಳಿದರು: “ಹಂಗಾದ್ರೆ ಆ ಪ್ಲೇಟ್ ಮುಟ್ಕೊಂಡೇ ನುಡಿಸು.”

“ಯಾವ ಕೈಲಿ?”

“ಮೂರನೇದೊಂದು ಇದ್ದಿದ್ರೆ ಚೆನ್ನಾಗಿತ್ತು.”

ಮೂರನೆಯದು ಬಂದರೆ ಮೊದಲು ನಿಮ್ಮ ಪೇಪರು ಕಿತ್ತುಕೊಳ್ಳುತ್ತೆ ಅಂದೆ. ಪುಟ ತಿರುವಿದರು.

ಫೆಬ್ರುವರಿ 8, ಶನಿವಾರ

ಪ್ಲೇಟಿನ ವಿಷಯ ಹೇಳೋಣವೆಂದು ಹೋದೆ. ಹೇಳಲು ಬಿಟ್ಟರೆ ತಾನೆ.

ಡಾಕ್ಟರು ಸ್ಕ್ರೂಡ್ರೈವರು ಹಿಡಿದೇ ಬಂದರು. “ಅಕ್ಕ, ಬಿಡಿ, ನಾನು ನೋಡ್ತೀನಿ.” ನೋಡಿದರು. ಬೇಸಿಗೆ ಬಾಯಿ ಇದ್ದಿದ್ದರೆ ಉಗುಳು ಅನ್ನುತ್ತಿದ್ದರು. ತಂತಿ ಹಳೆಯದಾಗಿದೆ, ಅದಕ್ಕೇ ಅಂದರು. ಮೈದುನ, ಇಲ್ಲ, ಅತ್ತಿಗೆ ಜೋರಾಗಿ ಮೀಟುವುದರಿಂದ ಅಂದ. ಯಾರೂ ಮೀಟದಿದ್ದಾಗಲೂ ಸದ್ದು ಬರುತ್ತಿರುವುದು ಅವನ ಗಮನಕ್ಕೆ ಬರಲಿಲ್ಲ. ಕ್ಯಾಷಿಯರಮ್ಮನ ಸ್ಕೂಟರು ರಿಪೇರಿ ಮಾಡುವವನು ಅವರನ್ನು ಬಿಡಲು ಬಂದವನು ಮೆಟ್ಟಿಲ ಮೇಲಿಂದಲೇ “ಬ್ಯಾಟ್ರಿ ಡೌನ್ ಇರುತ್ತೆ ಮೇಡಂ” ಅಂದ. ನನ್ನ ಬೇಸಿಗೆ ಬ್ಯಾಟರಿಯೇ ಇಲ್ಲ.

“ತಂತಿ ಮುಟ್ಟಿದ್ರೆ ಹೋಗಲ್ಲ, ಪ್ಲೇಟ್ ಮುಟ್ಟಿದ್ರೆ ಹೋಗುತ್ತೆ...” ಅಂತ ಶುರು ಮಾಡಿದೆ.

“ಹ್ಞಾ ಹ್ಞಾ, ಅದೆಲ್ಲ ಇರಲಿ” ಅಂದ ಮೈದುನ. “ನಾನೇ ಮಿಕ್ಸಿ ರಿಪೇರಿ ಅಂಗಡಿಗೆ ಕೊಟ್ಟು ಬರ್ತೀನಿ. ನಿಮಗ್ಯಾಕೆ ತೊಂದ್ರೆ.” ಬ್ಯಾಗಿಗೆ ಹಾಕಿಕೊಂಡು ನಡೆದೇಬಿಟ್ಟ. ನಾನು ಬಾಗಿಲಲ್ಲಿ ನಿಂತು ‘ಥ್ಯಾಂಕ್ಸ್’ ಅಂದೆ. ಯಾಕೆ ಅಂದೆ?

ಕಂಡವರ ಕೈಗೆಲ್ಲ ಹೋಯ್ತು ನನ್ನ ಬೇಸು,
ಗಂಡಸರ ಬಾಯಿಂದ ಬರಿಯ ಉಪದೇಸು.

ಆದಿಯಲ್ಲೂ ಪ್ರಾಸ, ಅಂತ್ಯದಲ್ಲೂ ಪ್ರಾಸ. ಉಪದೇಶವನ್ನು ಉಪದೇಸು ಮಾಡಿದ್ದಕ್ಕೆ ಬೇರೆಯವರಾಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಫೆಬ್ರುವರಿ 11, ಮಂಗಳವಾರ

ಪ್ರೆಸ್ಸಿನಲ್ಲಿದ್ದಾಗ ಮೈದುನನ ಮೆಸೇಜು: “ಅಂಗಡಿಯವರು ನೋಡಿದ್ರು. ನಿಮ್ಮ ಬೇಸಲ್ಲಿ ಅರ್ಥ ಇಲ್ಲ ಅಂದ್ರು. ಷಡ್ಡಕರಿಗೆ ಹೇಳಿದೀನಿ. ಇವತ್ತು ನೀವು ರೆಸ್ಟ್ ಮಾಡಿ.”

ಅರ್ಥ ಇಲ್ಲ.

ನಾನು ಕನ್ನಡದಲ್ಲಿ ಪದವಿ ಪಡೆದವಳು. ಅರ್ಥ ಎಲ್ಲಿದೆ, ಎಲ್ಲಿಲ್ಲ ಅಂತ ನೋಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮಿಕ್ಸಿ ಬಿಚ್ಚುವ ಅಂಗಡಿಯಲ್ಲಿ ಕೂತು ಒಬ್ಬರು ತೀರ್ಪು ಕೊಡುವುದು, ಅದನ್ನು ಇನ್ನೊಬ್ಬ ಹೊತ್ತುಕೊಂಡು ಬಂದು ನನಗೆ ಒಪ್ಪಿಸುವುದು.

ರೆಸ್ಟ್ ಮಾಡಿದೆ. ಕಿಟಕಿ ಒರೆಸಿದೆ, ಕಪಾಟು ಖಾಲಿ ಮಾಡಿ ಮತ್ತೆ ತುಂಬಿದೆ.

ಫೆಬ್ರುವರಿ 12, ಬುಧವಾರ

ಷಡ್ಡಕರು ಬಂದಿದ್ದರಂತೆ. ಹಳೆಯ ಹಾಡುಗಳನ್ನಷ್ಟೇ ನುಡಿಸಿದರಂತೆ. ಬೇಸಿನ ಸದ್ದೇ ಇರಲಿಲ್ಲವಂತೆ. “ಯಾವ ಸದ್ದೂ?” ಅಂತ ಕೇಳಿದೆ. ಮೈದುನ ಫೋನಿನಲ್ಲಿ “ಹಂಗಂದ್ರೆ... ತುಂಬಾ ಮೆತ್ತಗೆ ನುಡಿಸ್ತಾರೆ” ಅಂದ.

ಹಲ್ಲು ಕೀಳುವ ವೈದ್ಯ ತಾಳ ಕಾಯುವನಂತೆ,
ಸೊಲ್ಲು ತಪ್ಪಿದ ಬೇಸ ಕಿತ್ತೆಸೆಯುವನಂತೆ.

ಅರ್ಥ ಇಲ್ಲವಂತೆ. ಪ್ರಾಸವಾದರೂ ಇದೆ.

ಫೆಬ್ರುವರಿ 13, ಗುರುವಾರ

ಮಧ್ಯಾಹ್ನ ರಜೆ ಹಾಕಿ ಅಂಗಡಿಗೆ ಹೋದೆ. ಬೇಸು ವಾಪಸು ತರುವುದು, ಜೊತೆಗೆ ಎರಡು ಮಾತು ಆಡುವುದು. ಮಾತುಗಳನ್ನು ದಾರಿಯಲ್ಲೇ ತಿದ್ದಿ ಇಟ್ಟುಕೊಂಡಿದ್ದೆ.

ಉದ್ದಕ್ಕೆ ಬೋಗಿಯಂಥ ಅಂಗಡಿ. ಗೋಡೆ ತುಂಬ ರೆಕ್ಕೆ ಕಳಚಿದ ಫ್ಯಾನುಗಳು. ಅಂಗಡಿಯವರು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಯಾರಿಗೋ ನಾಳೆ ಬನ್ನಿ ಅನ್ನುತ್ತಿದ್ದರು. ಸ್ಟೂಲಿನ ಮೇಲೆ ಒಬ್ಬ ಹೆಂಗಸು ಮಿಕ್ಸಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ನನ್ನ ಬೇಸು ಇಸ್ತ್ರಿಪೆಟ್ಟಿಗೆಗಳ ಮಧ್ಯೆ ಅಂಗಾತ ಬಿದ್ದಿತ್ತು.

“ನನ್ನ ಬೇಸಲ್ಲಿ ಅರ್ಥ ಇಲ್ಲ ಅಂದ್ರಂತೆ?”

“ಹೂಂ, ಇಲ್ಲ.”

“ಇಷ್ಟು ವರ್ಷದಿಂದ ನುಡಿಸ್ತಿದೀನಿ ನಾನು.”

“ಆಗ ಇತ್ತೇನೋ. ಈಗಿಲ್ಲ.”

“ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು?”

“ನಾನ್ಯಾಕಮ್ಮ ತೀರ್ಮಾನ ಮಾಡ್ಲಿ? ಮೀಟರ್ ಇಟ್ಟೆ. ಮೀಟರ್ ಹೇಳ್ತು.”

“ಅರ್ಥ ಅಳೆಯೋ ಮೀಟರ್ ಬೇರೆ ಇದೆಯಾ?”

“ಇನ್ನೇನು ಅಲಂಕಾರಕ್ಕೆ ಇಟ್ಕೊಂಡಿದೀನಾ? ಬೇಕಾದ್ರೆ ನಿಮ್ಮನೇಲಿ ಇದೆಯೋ ಇಲ್ವೋ ಅದನ್ನೂ ಬಂದು ನೋಡ್ತೀನಿ.”

ಮನೆಯ ತನಕ ಬಂದರಲ್ಲ. ಅಷ್ಟರಲ್ಲಿ ಮಿಕ್ಸಿಯಮ್ಮ ಸಮಾಧಾನ ಹೇಳುವ ದನಿಯಲ್ಲಿ ಬಾಯಿ ಹಾಕಿದರು:

“ನಮ್ಮನೇಲೂ ಇಲ್ಲ ಅಂದಿದ್ರು ಕಣ್ರೀ. ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿಸಿದ್ವಿ. ಬಂತು.”

ಉಪ್ಪು, ಇದ್ದಿಲು, ಗುಂಡಿ.

ಅರ್ಥ ಅಲ್ಲ. ಅರ್ಥ್. ಕರೆಂಟಿನವರ ಅರ್ಥಿಂಗು. ಥಕಾರದ ತಲೆಯ ಮೇಲೆ ಅರ್ಧಾಕ್ಷರದ ಒಂದು ಕೊಕ್ಕೆ ಬೀಳಬೇಕಿತ್ತು, ಬಿದ್ದಿರಲಿಲ್ಲ. ದಿನಕ್ಕೆ ನೂರು ಅಂಥ ಕೊಕ್ಕೆ ಹಾಕುವವಳು ನಾನು.

ಅಂಗಡಿಯವರು ಬೇಸನ್ನು ಎತ್ತಿ ಸೇತುವೆಯನ್ನು ತೋರಿಸಿದರು; ತಂತಿಗಳ ಬುಡವನ್ನು ಹಿಡಿದುಕೊಂಡಿರುವ ಲೋಹದ ಪಟ್ಟಿ ಅದು. ಅದರ ಅಡಿಯಿಂದ ಒಂದು ಸಣ್ಣ ವೈರು ಒಳಗೆ ಹೋಗಿ ಪ್ಲೇಟಿಗೆ ಸೇರಬೇಕು. ಅದು ಕಟ್ಟಾಗಿದೆ. ಸೇರಿಸಿದರೆ ತಂತಿ ಮುಟ್ಟಿದಾಗ ಸದ್ದು ನಿಲ್ಲುತ್ತದೆ.

ಇದನ್ನೇ ಅಲ್ಲವೇ ನಾನು ಶನಿವಾರ ಹೇಳಲು ಹೊರಟದ್ದು? ಪ್ಲೇಟಿಗೂ ತಂತಿಗೂ ಮಾತುಕತೆ ಇಲ್ಲ ಅಂತ?

“ಮತ್ತೆ ಯಾಕೆ ಸೇರಿಸ್ಲಿಲ್ಲ?”

“ಇಲ್ಲ ಅಂತ ನಾನಂದಿದ್ದಕ್ಕೆ ಆ ಹುಡುಗ ಸರಿ ಬಿಡಿ ಅಂದ. ನಾನ್ ಬಿಟ್ಟೆ.”

ಹುಡುಗನಿಗೆ ಮೂವತ್ತೊಂಬತ್ತು. ಅಲ್ಲಿಂದಲೇ ಫೋನು ಮಾಡಿದೆ.

“ಗಿಟಾರಿಗೆ ಅರ್ಥ್ ಇರುತ್ತೆ ಅಂತ ಯಾರಿಗೆ ಗೊತ್ತು ಅತ್ತಿಗೆ? ಮಿಕ್ಸಿಗೆ ಇರುತ್ತೆ. ಅವರು ಅರ್ಥ ಇಲ್ಲ ಅಂದ್ರು, ರಿಪೇರಿ ಮಾಡಿ ಅರ್ಥ ಇಲ್ಲ ಅಂದ್ಕೊಂಡೆ.”

“ಇನ್ನೊಂದ್ಸಲ ಕೇಳ್ಬಹುದಿತ್ತು.”

“ನಿಮಗೂ ಹಂಗೇ ಅನ್ಸ್ತು ತಾನೆ?”

ಈ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆದಿಡುವ ಅಗತ್ಯ ಕಾಣುವುದಿಲ್ಲ.

ಷಡ್ಡಕರ ವಿಷಯ ಎತ್ತಿದೆ. ಹೇಳಿಬಿಟ್ಟಿದೀನಲ್ಲ, ಈಗ ಬೇಡ ಅಂದರೆ ಡಾಕ್ಟರ ಮುಖ ಹೇಗೆ ನೋಡಲಿ ಅಂದ. ನನ್ನ ಮುಖ ಯಾರಿಗೂ ಕಾಣುವ ಜಾಗದಲ್ಲೇ ಇಲ್ಲವಲ್ಲ, ಅದಕ್ಕೆ ಆ ತೊಂದರೆಯಿಲ್ಲ.

ಫೆಬ್ರುವರಿ 15, ಶನಿವಾರ

ಅಂಗಡಿಯವರು ವೈರು ಸೇರಿಸಿಟ್ಟಿದ್ದ ಬೇಸು ತೆಗೆದುಕೊಂಡು ನೇರ ಅಭ್ಯಾಸಕ್ಕೆ ಹೋದೆ. ನನ್ನ ಜಾಗದಲ್ಲಿ ಷಡ್ಡಕರು. ತೆಳ್ಳಗಿನ, ಸಂಕೋಚದ ಮನುಷ್ಯ. ನನ್ನನ್ನು ಕಂಡು ಎದ್ದು ನಿಂತರು, ಬಸ್ಸಿನಲ್ಲಿ ಸೀಟು ಬಿಡುವ ಹಾಗೆ.

ಎಲ್ಲರೂ ಸುತ್ತ ನಿಂತರು. ಸಿಕ್ಕಿಸಿದೆ. ಜುಂಯ್. ಇರಲಿ, ಈಗ ತಂತಿ ಮುಟ್ಟಿದರೆ ನಿಲ್ಲುತ್ತದೆ ಅಂತ ಹೇಳಿ ಮುಟ್ಟಿದೆ.

ಕಟ್ಟಡ ಬೀಳುವಷ್ಟು ಜೋರಾಯಿತು. ಕೈ ತೆಗೆದರೆ ಕಡಿಮೆ, ಮುಟ್ಟಿದರೆ ಆರ್ಭಟ.

“ನೋಡಿ” ಅಂದ ಮೈದುನ. ಒಂದೇ ಪದ. ಆ ಒಂದು ಪದಕ್ಕೆ ಅವನ ಅಣ್ಣನನ್ನೂ ಸೇರಿಸಿ ಇಡೀ ಮನೆತನದ ಮೇಲೆ ಸಿಟ್ಟು ಬಂತು.

ಸಾರಿ ಅನ್ನಲಿಲ್ಲ. ಮರೆತುಹೋಯಿತು. ಅಂಗಡಿಗೆ ವಾಪಸು ಹೋದರೆ ಬಾಗಿಲು ಎಳೆದಿತ್ತು.

ಫೆಬ್ರುವರಿ 16, ಭಾನುವಾರ

ತಿಂಡಿಯಾದ ಮೇಲೆ ಊಟದ ಮೇಜಿಗೆ ಹಳೆಯ ಹೊದಿಕೆ ಹಾಸಿ ಬೇಸನ್ನು ಮಲಗಿಸಿದೆ. ನಮ್ಮವರು ಬಂದು “ನೀನೇ ಬಿಚ್ತೀಯಾ?” ಅಂದರು.

“ಇನ್ಯಾರು?”

“ಅಲ್ಲ, ಗೊತ್ತಿಲ್ದೆ...”

“ಗೊತ್ತಿರೋರು ಇಬ್ಬರು ಬಿಚ್ಚಾಯ್ತು. ಇದನ್ನ ಅಲ್ಲಾಡದ ಹಾಗೆ ಹಿಡ್ಕೊಳ್ಳಿ.” ಹಿಡಿದುಕೊಂಡರು.

ಯೋಚನೆ ಮಾಡಿದ್ದು ಇಷ್ಟು. ಮೊದಲು ತಂತಿ ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಈಗ ಆಗುತ್ತಿದೆ, ಆದರೆ ತಿರುವುಮುರುವಾಗಿ. ಅಂದರೆ ಮಾತುಕತೆ ಶುರುವಾಗಿದೆ, ತಪ್ಪು ಮನುಷ್ಯನ ಜೊತೆ. ವೈರು ಸಿಕ್ಕಿಸುವ ತೂತಿಗೆ ಒಳಗಿನಿಂದ ಬರುವುದು ಎರಡು ಎಳೆ: ಒಂದು ಸ್ವರ ಹೊರುವುದು, ಇನ್ನೊಂದು ನೆಲಕ್ಕೆ ಸೇರುವುದು. ಅಂಗಡಿಯವರು ಎರಡನ್ನೂ ಬಿಚ್ಚಿ, ಮತ್ತೆ ಅಂಟಿಸುವಾಗ ಅದಲು ಬದಲು ಮಾಡಿದ್ದರೆ? ಆಗ ತಂತಿ ಮುಟ್ಟಿದರೆ ನನ್ನ ಮೈಯೇ ಆಂಪ್ಲಿಫೈಯರಿನ ಕಿವಿಯೊಳಗೆ ಕೂಗುತ್ತದೆ. ‘ಕಾಲು’ ಇರಬೇಕಾದಲ್ಲಿ ‘ಲುಕಾ’ ಅಂತ ಅಚ್ಚಾದ ಹಾಗೆ. ಅಕ್ಷರ ಎರಡೂ ಸರಿ, ಜಾಗ ತಪ್ಪು.

ಪ್ಲೇಟು ಬಿಚ್ಚಿದೆ. ಸೇತುವೆಯ ಹೊಸ ವೈರಿನ ಎಳೆ ಹಿಡಿದು ಎಲ್ಲಿಗೆ ಹೋಗುತ್ತದೆ ಅಂತ ಬೆರಳಲ್ಲೇ ಓದಿದೆ. ಅದಲು ಬದಲೇ. ಪಕ್ಕದ ಮನೆಯವರ ಬೆಸುಗೆ ಕಡ್ಡಿ ತಂದು, ಬಿಡಿಸಿ, ತಿರುಗಿಸಿ ಅಂಟಿಸಿದೆ. ಹೆಬ್ಬೆರಳು ಸುಟ್ಟಿತು. ನಮ್ಮವರು ಹಿಡಿತ ಬಿಡದೆ, ಊದುವುದಕ್ಕೆ ಅಂತ ಮೇಜಿನ ಮೇಲೆ ಬಾಗಿದರು. ಬೆಸುಗೆ ಆರಲಿ, ಬೆರಳು ಆಮೇಲೆ ಅಂದೆ.

ಸಿಕ್ಕಿಸಿದೆ. ಜುಂಯ್, ಆದರೆ ಸಣ್ಣಗೆ. ತಂತಿ ಮುಟ್ಟಿದೆ.

ಏನೂ ಇಲ್ಲ. ಪಕ್ಕದ ರಸ್ತೆಯಲ್ಲಿ ಯಾರೋ ಬಕೆಟ್ಟು ಇಟ್ಟ ಸದ್ದು ಕೇಳಿಸಿತು.

“ಹೋಯ್ತಲ್ಲ” ಅಂದರು ನಮ್ಮವರು, ಇನ್ನೂ ಹಿಡಿದುಕೊಂಡೇ. “ಬಿಡ್ಲಾ?”

ಫೆಬ್ರುವರಿ 18, ಮಂಗಳವಾರ

ಎಷ್ಟು ಸಿಟ್ಟು ಬಂದಿದೆಯೆಂದರೆ ಕ್ರಮವಾಗಿ ಬರೆಯಬೇಕು.

ಮುಟ್ಟಿ ತೋರಿಸಿದೆ, ಮೌನ. ಡಾಕ್ಟರು ತಲೆದೂಗಿದರು. ಆದರೆ ಎರಡೂ ಕೈ ಎತ್ತಿದರೆ ಇನ್ನೂ ಸಣ್ಣದೊಂದು ಜುಂಯ್. “ಅದೇ ಅತ್ತಿಗೆ, ಪೂರ್ತಿ ಹೋಗಿಲ್ಲ” ಅಂದ ಮೈದುನ, ಸಮಾಧಾನವಾದವನ ಹಾಗೆ.

ಮನೆಯಲ್ಲಿ ಇಷ್ಟು ಇರಲಿಲ್ಲ. ಹಾಗಾದರೆ ತಪ್ಪು ಪುಟದ್ದಲ್ಲ, ಪುಟ ಇಟ್ಟ ಜಾಗದ್ದು. ಬೇಸು ಕೊರಳಲ್ಲಿ ಹಾಕಿಕೊಂಡು, ಕೈ ಎತ್ತಿಕೊಂಡು ಕೋಣೆಯೆಲ್ಲ ನಡೆದೆ, ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಸ್ವಿಚ್ ಬೋರ್ಡಿನ ಹತ್ತಿರ, ಲೈಟು ಮಂದ ಮಾಡುವ ಆ ತಿರುಗಣೆಯ ಪಕ್ಕ, ಅತಿ ಹೆಚ್ಚು. ಅಂದರೆ ಇಷ್ಟು ವರ್ಷ ನಾನು ನಿಂತ ಜಾಗದಲ್ಲಿ. ಒಂದೊಂದು ಹೆಜ್ಜೆ ಮುಂದೆ ಬಂದ ಹಾಗೆ ಕಡಿಮೆ. ಕ್ಯಾಷಿಯರಮ್ಮನ ಪಕ್ಕ, ಎಲ್ಲರಿಗಿಂತ ಮುಂದೆ, ಸ್ವಲ್ಪ ಬಾಗಿಲ ಕಡೆ ಮುಖ ಮಾಡಿ ನಿಂತರೆ ಪೂರ್ತಿ ಮಾಯ.

“ಅಲ್ಲಿ ನನ್ನ ಸ್ಟ್ಯಾಂಡಿದೆ” ಅಂದ ಮೈದುನ.

“ಸರಿಸು.”

ಸರಿಸಿದ. ನನ್ನ ವಾಲ್ಯೂಮನ್ನು ಪೂರ್ತಿ ಏರಿಸಿದೆ. ಸದ್ದು ಮುಚ್ಚಲೆಂದು ಅರ್ಧಕ್ಕೇ ಇಟ್ಟುಕೊಂಡಿದ್ದು ಎಷ್ಟು ಕಾಲದಿಂದಲೋ. ಹೊಸ ಹಾಡು ಶುರು ಮಾಡಿದೆವು. ಪಲ್ಲವಿ ಮುಗಿಯಿತು, ಎಲ್ಲರೂ ಸುಮ್ಮನಾದೆವು, ನಾನು ಕೈ ಎತ್ತಿದೆ.

ಗುಂಯ್.

ಜುಂಯ್ ಅಲ್ಲ, ಗುಂಯ್. ದುಂಡಗೆ, ಕೆಳಗೆ. ಎಲ್ಲರೂ ರೂಢಿಯಂತೆ ನನ್ನ ಕಡೆ ನೋಡಿದರು. ನಾನು ನನ್ನ ವೈರು ಕಿತ್ತು ಕೈಯಲ್ಲಿ ಹಿಡಿದು ತೋರಿಸಿದೆ. ಗುಂಯ್ ನಿಲ್ಲಲಿಲ್ಲ. ಕ್ಯಾಷಿಯರಮ್ಮ ನಿಧಾನವಾಗಿ ಮೈದುನನ ಕಡೆ ತಿರುಗಿದರು.

“ನಂದಾ?” ಅಂದ.

“ನಿಮ್ಮದೇ” ಅಂದರು ಅವರು. “ಇಷ್ಟು ದಿನ ಅವರದ್ರ ಕೆಳಗೆ ಕೂತಿತ್ತು. ಕೇಳ್ಸಿದಾಗ್ಲೂ ಅವರದೇ ಅಂದ್ಕೊಂಡ್ವಿ.”

ಇಷ್ಟು ದಿನ. ಅವನ ಪಾಲಿನ ಸಾರಿಯನ್ನೂ ನಾನೇ ಹೇಳಿಕೊಂಡು ಬಂದಿದ್ದೇನೆ. ಅದನ್ನು ಬಡ್ಡಿ ಸಮೇತ ವಾಪಸು ಕೇಳುವ ಕಾನೂನು ಎಲ್ಲೂ ಇಲ್ಲವೇ?

“ಅತ್ತಿಗೆ, ನೀವೇ ಸ್ವಲ್ಪ ನೋಡ್ತೀರಾ?”

“ನೋಡ್ತೀನಿ. ಮೊದಲು ಭಾನುವಾರದ ಪ್ರೋಗ್ರಾಂ ವಿಷಯ ಹೇಳು.”

ಮೈದುನ ಡಾಕ್ಟರನ್ನು ನೋಡಿದ, ಡಾಕ್ಟರು ಡ್ರಮ್ಸಿನ ಕಡ್ಡಿಗಳನ್ನು ನೋಡಿಕೊಂಡರು. ಷಡ್ಡಕರು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದರು. ಅವರಿಗೆ ನೇರವಾಗಿ ಹೇಳಿದೆ: “ಭಾನುವಾರ ನಾನು ನುಡಿಸ್ತೀನಿ. ನಿಮಗೆ ತೊಂದ್ರೆ ಕೊಟ್ಟಿದ್ದು ಇವನು. ಅವನೇ ನಿಮ್ಮ ಹತ್ರ ಮಾತಾಡ್ತಾನೆ.”

ಷಡ್ಡಕರು ಎದ್ದು ನಿಂತರು. “ಒಳ್ಳೇದಾಯ್ತಮ್ಮ. ಆ ಎಂಟು ಮಾತ್ರೆ ಆದ್ಮೇಲೆ ಒಬ್ಬನೇ ಒಳಗೆ ಬರ್ಬೇಕು ಅಂದ್ರೆ ನಂಗೆ ಎದೆ ಡವಡವ ಅನ್ನುತ್ತೆ. ಇವರಿಗೆ ಹೇಳಕ್ಕೂ ಭಯ.” ಅಂದು ತಮ್ಮ ಷಡ್ಡಕರಾದ ಡಾಕ್ಟರನ್ನು ತೋರಿಸಿದರು.

ಫೆಬ್ರುವರಿ 24, ಸೋಮವಾರ

ನಿನ್ನೆ ಪ್ರೋಗ್ರಾಂ ಆಯಿತು. ಬರೆಯಬೇಕಾದ ದೂರುಗಳು ಮೂರು.

ಒಂದು: ಸಭಾಂಗಣದ ಲೈಟಿನವರು ಸಂಜೆ ವೇದಿಕೆಗೆ ಬಂದು, ಬೇಸಿನವರು ಹಿಂದೆ ಅಂತ ಚೀಟಿಯಲ್ಲಿದೆ ಅಂದರು. ಹಿಂದೆ ನಿಂತರೆ ನಿಮ್ಮ ಲೈಟು ನನ್ನ ಬೇಸಿನಲ್ಲಿ ಮಾತಾಡುತ್ತೆ ಅಂದೆ. ನಂಬಲಿಲ್ಲ. ಕೈ ಎತ್ತಿ ಕೇಳಿಸಿದೆ, ಮುಂದೆ ಬಂದು ಕೇಳಿಸಿದೆ, ಸೀಮೆಸುಣ್ಣ ಇಸಿದುಕೊಂಡು ನನ್ನ ಜಾಗಕ್ಕೆ ಗುರುತು ನಾನೇ ಹಾಕಿದೆ. ಒಬ್ಬೊಬ್ಬರಿಗೂ ಮೊದಲಿನಿಂದ ಪಾಠ ಹೇಳಬೇಕು.

ಎರಡು: ಮುಂದೆ ನಿಂತರೆ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಜನರ ಮುಖ ಕಾಣುತ್ತದೆ. ಮೂರನೇ ಸಾಲಿನಲ್ಲಿ ನಮ್ಮವರು ಪೇಪರಿಲ್ಲದೆ ಕೂತಿದ್ದರು.

ಮೂರು: ಮೈದುನ. ಕ್ಯಾಷಿಯರಮ್ಮನ ಹಾಡಿನ ಪಲ್ಲವಿ ಮುಗಿಯಿತು. ಅವನು ತನ್ನ ವಾಲ್ಯೂಮ್ ಸೊನ್ನೆ ಮಾಡಿ ಕೈ ಕಟ್ಟಿ ನಿಂತ, ಹಾಗೆ ಮಾಡು ಅಂತ ನಾನೇ ಹೇಳಿದ್ದೆ. ಡಾಕ್ಟರು ಕಡ್ಡಿಗಳನ್ನು ಗಾಳಿಯಲ್ಲಿ ಹಿಡಿದರು. ನಾನು ಎರಡೂ ಕೈ ಎತ್ತಿದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಏನೂ ಇರಲಿಲ್ಲ. ಬಾಲ್ಕನಿಯಲ್ಲಿ ಯಾರೋ ಕುರ್ಚಿಯ ಮೇಲೆ ಒಂದಿಷ್ಟು ಸರಿದು ಕೂತದ್ದು, ಕ್ಯಾಷಿಯರಮ್ಮ ಮೂಗಿನಿಂದ ನಿಧಾನ ಉಸಿರೆಳೆದುಕೊಂಡದ್ದು ಕೇಳಿಸಿತು.

ಎಂಟಾಯಿತು. ಕ್ಯಾಷಿಯರಮ್ಮ ನನ್ನ ಕಡೆ ತಿರುಗಿದರು. ಡಾಕ್ಟರು ತಿರುಗಿದರು. ಮೈದುನನ ಹುಬ್ಬು ಮೇಲೆ ಹೋಯಿತು. ಚೆನ್ನಾಗಿತ್ತು, ಇನ್ನೊಂದಿಷ್ಟು ಇರಲಿ ಅನ್ನಿಸಿತು. ಇಟ್ಟುಕೊಂಡೆ. ಆಮೇಲೆ ಬಂದೆ.

ವೇದಿಕೆ ಇಳಿಯುವ ಮೊದಲೇ ಶುರು ಮಾಡಿದ. “ಅತ್ತಿಗೆ, ಎಂಟಕ್ಕೆ ಬರ್ಬೇಕಿತ್ತು. ನೀವು ಹನ್ನೆರಡಕ್ಕೆ ಬಂದ್ರಿ. ನಾವೆಲ್ಲ ಏನ್ ಮಾಡ್ಬೇಕಿತ್ತು?”

“ಕಾಯ್ಬೇಕಿತ್ತು” ಅಂದೆ. “ಕಾದ್ರಿ.”